ಕನ್ನಡದ ದಾರಿಯಲ್ಲಿ ಜರ್ಮನ್

ಜರ್ಮನ್ ಕಲಿಯಲು ಹೊರಟವರಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಮಾತೊಂದಿದೆ: ‘ಇಂಗ್ಲಿಷ್ ಚೆನ್ನಾಗಿ ಬರುತ್ತಲ್ಲ, ಹಾಗಾದರೆ ಕಷ್ಟವಿಲ್ಲ ಬಿಡು.’ ಎರಡೂ ಒಂದೇ ಕುಟುಂಬದ ಭಾಷೆಗಳು; ಹ್ಯಾಂಡ್‌ಗೆ ಹಾಂಡ್, ವಾಟರ್‌ಗೆ ವಾಸರ್, ಬ್ರದರ್‌ಗೆ ಬ್ರೂಡರ್. ಕಲಿಕೆಯ ಆರಂಭದ ಎ-ಒನ್, ಎ-ಟೂ ಹಂತಗಳಲ್ಲಿ ಈ ಮಾತು ನಿಜವೇ. ಹೆಸರು, ಊರು, ಗಂಟೆ, ಅಂಗಡಿ, ರೈಲು ಟಿಕೆಟ್ಟು, ಇಷ್ಟಕ್ಕೆ ಇಂಗ್ಲಿಷ್ ಸಾಕು. ಮಧ್ಯಮ ಹಂತದ ಬಿ-ಒನ್ ಅರ್ಧ ದಾಟಿ ಬಿ-ಟೂ ಕಡೆ ಮುಖ ಮಾಡಿದಾಗ ವಾಕ್ಯಗಳು ಉದ್ದವಾಗುತ್ತವೆ, ಕ್ರಿಯಾಪದಗಳು ಕೊನೆಗೆ ಓಡುತ್ತವೆ, ಒಂದು ನಾಮಪದದ ಮುಂದೆ ಅರ್ಧ ಸಾಲಿನಷ್ಟು ವಿಶೇಷಣ ಬಂದು ಕೂರುತ್ತದೆ. ಇಂಗ್ಲಿಷ್ ಅಲ್ಲಿ ಕೈಬಿಡುತ್ತದೆ. ಅಲ್ಲಿಂದಾಚೆ ನನ್ನನ್ನು ಕೈಹಿಡಿದು ನಡೆಸಿದ್ದು ಕನ್ನಡ. ಭಾಷಾಭಿಮಾನಕ್ಕೆ ಈ ಮಾತು ಹೇಳುತ್ತಿಲ್ಲ, ವ್ಯಾಕರಣವನ್ನು ಎದುರಿಗಿಟ್ಟುಕೊಂಡೇ ಹೇಳುತ್ತಿದ್ದೇನೆ.

ನಾನು ಎಂ.ಎಸ್ಸಿ. ಓದಿದ್ದು ಜರ್ಮನಿಯ ನೆಕ್ಕರ್ ನದಿಯ ದಡದ ಟ್ಯೂಬಿಂಗನ್ ಎಂಬ ಊರಿನಲ್ಲಿ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಊರೂ ವಿಶ್ವವಿದ್ಯಾಲಯವೂ ಬೇರೆ ಬೇರೆ ಅನ್ನಿಸುವುದೇ ಇಲ್ಲ. ನನ್ನ ಕೋರ್ಸು ಇಂಗ್ಲಿಷಿನಲ್ಲಿತ್ತು, ಹಾಗಾಗಿ ಪದವಿಗೆ ಜರ್ಮನ್ ಕಡ್ಡಾಯವಿರಲಿಲ್ಲ. ಆದರೂ ಸಂಜೆಯ ಭಾಷಾ ತರಗತಿಗೆ ಸೇರಿದೆ, ಮಧ್ಯಮ ಹಂತ ಮುಗಿಯುವವರೆಗೂ ಬಿಡಲಿಲ್ಲ. ಈಗ ಜರ್ಮನಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಪೈಕಿ ಭಾರತೀಯರದೇ ದೊಡ್ಡ ಗುಂಪು. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲೇ ಸುಮಾರು 49 ಸಾವಿರ ಮಂದಿ ಇದ್ದರು. ಅವರಲ್ಲಿ ಬಹಳ ಜನ ನನ್ನಂತೆಯೇ ಇಂಗ್ಲಿಷ್ ಕೋರ್ಸಿಗೆ ಬಂದವರು. ಲ್ಯಾಬು, ರೂಮು, ಭಾರತೀಯ ಗೆಳೆಯರ ಬಳಗ, ಇಷ್ಟರಲ್ಲೇ ಎರಡು ವರ್ಷ ಕಳೆದುಬಿಡಬಹುದು. ಕಳೆದುಬಿಟ್ಟರೆ ಎಂಥ ನಷ್ಟ ಎಂದು ಹೇಳಲು ಈ ಬರಹ.

ಮೊದಲು ವಾಕ್ಯದ ವಿಷಯ. ಜರ್ಮನ್ನಿನಲ್ಲಿ ಮುಖ್ಯ ವಾಕ್ಯದ ಕ್ರಿಯಾಪದ ಎರಡನೇ ಜಾಗದಲ್ಲಿ ಕೂರುತ್ತದೆ. ಉಪವಾಕ್ಯ ಬಂತೆಂದರೆ ಕ್ರಿಯಾಪದ ಕೊನೆಗೆ ಹೋಗಲೇಬೇಕು. ನೆಬೆನ್‌ಸಾಟ್ಸ್ ಎಂದು ಇದಕ್ಕೆ ಹೆಸರು. ತರಗತಿಯಲ್ಲಿ ಇದರ ಹೆಸರೆತ್ತಿದರೆ ಅಮೆರಿಕದ ಸಹಪಾಠಿಗಳ ಮುಖ ಬಾಡುತ್ತಿತ್ತು. ಈ ಸಾಲು ನೋಡಿ: ‘ದಾಸ್ ಇಶ್ ಗೆಸ್ಟರ್ನ್ ಮೈನೆಮ್ ಬ್ರೂಡರ್ ದಾಸ್ ಬೂಖ್ ಗೆಗೇಬೆನ್ ಹಾಬೆ.’ ಮೊದಲಿನ ‘ದಾಸ್’ ನಮ್ಮ ‘ಎಂದು’ ಇದ್ದಂತೆ. ನಮ್ಮಲ್ಲಿ ಅದು ವಾಕ್ಯದ ಹಿಂದೆ ಬರುತ್ತದೆ, ಅಲ್ಲಿ ಮುಂದೆ. ಅದನ್ನು ಬದಿಗಿಟ್ಟು ಉಳಿದದ್ದನ್ನು ಪದಕ್ಕೆ ಪದ ಹಾಕುತ್ತಾ ಹೋಗಿ: ನಾನು, ನಿನ್ನೆ, ನನ್ನ ತಮ್ಮನಿಗೆ, ಆ ಪುಸ್ತಕವನ್ನು, ಕೊಟ್ಟು, ಇದ್ದೇನೆ. ಒಂದು ಪದವೂ ಜಾಗ ಬದಲಿಸಬೇಕಿಲ್ಲ. ‘ಕೊಟ್ಟಿದ್ದೇನೆ’ ಎಂಬಲ್ಲಿನ ‘ಕೊಟ್ಟು’ ಮತ್ತು ‘ಇದ್ದೇನೆ’ ಕೂಡ ಅದೇ ಕ್ರಮದಲ್ಲಿವೆ. ಇಂಗ್ಲಿಷಿನ ಮೂಲಕ ಇದನ್ನು ಕಲಿಯುವವರು ಪ್ರತಿ ವಾಕ್ಯವನ್ನೂ ಬಿಚ್ಚಿ ಮತ್ತೆ ಜೋಡಿಸಬೇಕು. ಕನ್ನಡದವರು ಮನೆಯಲ್ಲಿ ಅಮ್ಮನ ಜೊತೆ ಹೇಗೆ ಮಾತಾಡುತ್ತಾರೋ ಹಾಗೆ ಯೋಚಿಸಿದರೆ ಸಾಕು.

ಬಿ-ಟೂ ಹಂತದಲ್ಲಿ ಇದಕ್ಕಿಂತ ದೊಡ್ಡ ಬೆಟ್ಟವೊಂದು ಎದುರಾಗುತ್ತದೆ. ಪತ್ರಿಕೆಗಳಲ್ಲಿ, ಕಚೇರಿ ಪತ್ರಗಳಲ್ಲಿ, ಪಠ್ಯಗಳಲ್ಲಿ ಒಂದು ನಾಮಪದದ ಹಿಂದಿನ ಕತೆಯನ್ನೆಲ್ಲ ಅದರ ಮುಂದೆಯೇ ತುಂಬಿಬಿಡುತ್ತಾರೆ. ‘ಡೀ ಇಮ್ ಫೆರ್‌ಗಾಂಗೆನೆನ್ ಯಾರ್ ಫೋನ್ ಡೆರ್ ಶ್ಟಾಟ್ ಎರ್‌ಎಫ್ನೆಟೆ ಬಿಬ್ಲಿಯೋಟೇಕ್.’ ಇಂಗ್ಲಿಷಿನಲ್ಲಿ ಮೊದಲು ಲೈಬ್ರರಿ ಎನ್ನಬೇಕು, ಆಮೇಲೆ ‘ವಿಚ್’ ಎಂದು ಬಾಲ ಕಟ್ಟಬೇಕು. ಕನ್ನಡದಲ್ಲಿ? ಕಳೆದ ವರ್ಷ ನಗರಸಭೆ ತೆರೆದ ಗ್ರಂಥಾಲಯ. ಅದೇ ಸಾಲು, ಅದೇ ಕ್ರಮ. ನಾವು ‘ಅಜ್ಜಿ ನಿನ್ನೆ ಸಂತೆಯಿಂದ ತಂದ ಬೆಲ್ಲ’ ಎನ್ನುವುದು ಮೂರನೇ ವಯಸ್ಸಿಗೇ ಬಂದುಬಿಡುತ್ತದೆ. ಶಾಲೆಯಲ್ಲಿ ಕೃದಂತ ಎಂದು ಓದಿ ಮರೆತದ್ದೆಲ್ಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಶಿಕ್ಷಕಿ ಈ ಪಾಠವನ್ನು ಬಹಳ ನಿಧಾನವಾಗಿ, ಬಣ್ಣಬಣ್ಣದ ಪೆನ್ನುಗಳಲ್ಲಿ ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. ಜಪಾನಿನ ಹುಡುಗಿ, ಟರ್ಕಿಯ ಹುಡುಗ ಮತ್ತು ನಾನು, ಮೂವರೂ ಮೊದಲ ಉದಾಹರಣೆಗೇ ತಲೆಯಾಡಿಸಿದೆವು. ನಮ್ಮ ಮೂವರ ಭಾಷೆಗಳೂ ಹೀಗೆಯೇ ಕಟ್ಟುವಂಥವು. ಆ ಸಂಜೆ ನಾವು ಮೂವರೂ ಕಾರಿಡಾರಿನಲ್ಲಿ ನಿಂತು ನಮ್ಮ ನಮ್ಮ ಭಾಷೆಯಲ್ಲಿ ಅದೇ ಗ್ರಂಥಾಲಯವನ್ನು ಕಟ್ಟಿ ತೋರಿಸಿಕೊಂಡೆವು.

ವಿಭಕ್ತಿಯ ಬಗ್ಗೆ ಹೇಳಲೇಬೇಕು. ಜರ್ಮನ್ನಿಗೆ ನಾಲ್ಕು: ನೊಮಿನಾಟಿಫ್, ಅಕ್ಕುಸಾಟಿಫ್, ಡಾಟಿಫ್, ಗೆನಿಟಿಫ್. ನಮ್ಮ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಎಂದುಕೊಂಡರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ‘ಮೀರ್ ಇಸ್ಟ್ ಕಾಲ್ಟ್’ ಎಂದರೆ ನನಗೆ ಚಳಿ. ‘ದಾಸ್ ಗೆಹೋರ್ಟ್ ಮೀರ್’ ಎಂದರೆ ಅದು ನನಗೆ ಸೇರಿದ್ದು. ಇಂಗ್ಲಿಷಿನಲ್ಲಿ ಇವೆರಡಕ್ಕೂ ‘ನಾನು’, ‘ನನ್ನದು’ ಎಂದು ಬೇರೆ ದಾರಿ ಹಿಡಿಯುವುದೇ ಹೆಚ್ಚು. ನಮಗೆ ‘ಗೆ’ ಪ್ರತ್ಯಯ ಇದ್ದಲ್ಲೇ ಇದೆ. ಯಾರನ್ನಾದರೂ ಕೇಳುವಾಗ ಅಕ್ಕುಸಾಟಿಫ್, ಯಾರಿಗಾದರೂ ಉತ್ತರ ಕೊಡುವಾಗ ಡಾಟಿಫ್. ಅವನನ್ನು ಕೇಳಿದೆ, ಅವನಿಗೆ ಉತ್ತರಿಸಿದೆ. ಹೀಗೆ ಹೊಂದಿಕೊಳ್ಳುವಾಗಿನ ಖುಷಿಯೇ ಬೇರೆ.

ಎಲ್ಲವೂ ಹೊಂದುತ್ತದೆ ಎಂದರೆ ಸುಳ್ಳಾಗುತ್ತದೆ. ಅಡುಗೆಮನೆಗೆ ಹೋಗುವಾಗ ನಮ್ಮಲ್ಲಿ ಚತುರ್ಥಿ, ಅಲ್ಲಿ ಅಕ್ಕುಸಾಟಿಫ್. ಬಸ್ಸಿಗೆ ಕಾಯುವುದೂ ಹಾಗೆಯೇ. ಡೆರ್-ಡೀ-ಡಾಸ್ ಲಿಂಗಗಳ ವಿಷಯದಲ್ಲಂತೂ ಕನ್ನಡದಿಂದ ಸಹಾಯ ಕಡಿಮೆ. ನಮ್ಮಲ್ಲಿ ಅರ್ಥ ನೋಡಿ ಲಿಂಗ, ಅಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು, ಹುಡುಗಿ ನಪುಂಸಕ. ‘ದಾಸ್ ಮೇಡ್ಶೆನ್’ ಕಂಡು ತರಗತಿಯೆಲ್ಲ ಬೆರಗಾದಾಗ ನನಗೆ ನೆನಪಾದದ್ದು ಹವ್ಯಕ ಗೆಳತಿಯೊಬ್ಬಳ ಮನೆ. ಅಲ್ಲಿ ಅಕ್ಕನೂ ‘ಬಂತು’, ಅತ್ತಿಗೆಯೂ ‘ಹೋತು’. ಹೆಂಗಸರಿಗೆ ನಪುಂಸಕಲಿಂಗ ಹಚ್ಚಿ ಮಾತಾಡುವ ಕನ್ನಡವೂ ನಮ್ಮಲ್ಲಿದೆ ಎಂದಾಗ ನಮ್ಮ ಶಿಕ್ಷಕಿ ಅದನ್ನು ಬರೆದುಕೊಂಡರು.

ಈ ಹಂತದಲ್ಲಿ ನನಗೆ ಅತ್ಯಂತ ಇಷ್ಟವಾದ ಪಾಠ ‘ಕೊನ್ಯುಂಕ್ಟಿಫ್-ಒಂದು’. ಬೇರೆಯವರ ಮಾತನ್ನು ವರದಿ ಮಾಡುವಾಗ ಬಳಸುವ ಕ್ರಿಯಾರೂಪ ಇದು. ಮಂತ್ರಿಗಳಿಗೆ ಏನೂ ಗೊತ್ತಿರಲಿಲ್ಲ ಎಂದು ಪತ್ರಿಕೆ ತಾನೇ ಹೇಳುವುದಾದರೆ ಒಂದು ರೂಪ. ಮಂತ್ರಿಗಳು ಹಾಗೆ ಹೇಳಿದರು ಎನ್ನುವಾಗ ಇನ್ನೊಂದು. ಆ ರೂಪ ಬಳಸಿ ಐದಾರು ವಾಕ್ಯ ಬರೆಯಬಹುದು, ನಡುವೆ ‘ಎಂದರು’ ಎಂದು ಮತ್ತೆ ಮತ್ತೆ ಸೇರಿಸಬೇಕಿಲ್ಲ. ಪತ್ರಕರ್ತ ಎಲ್ಲಿ ತನ್ನ ಮಾತು ನಿಲ್ಲಿಸಿ ಬೇರೆಯವರ ಮಾತು ತಂದ, ಎಲ್ಲಿ ಮತ್ತೆ ತನ್ನ ಮಾತಿಗೆ ಮರಳಿದ, ಎಲ್ಲವೂ ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ನಮಗೆ ಇದು ಹೊಸದೇ? ‘ಅವನಿಗೇನೂ ಗೊತ್ತಿರಲಿಲ್ಲವಂತೆ’ ಎಂದು ಕಟ್ಟೆಯ ಮೇಲೆ ಕೂತು ಹೇಳುವಾಗ ನಾವು ಮಾಡುವುದೂ ಇಷ್ಟೇ: ಮಾತು ನನ್ನದಲ್ಲ, ಕೇಳಿದ್ದು, ಹೊಣೆ ಹೇಳಿದವನದು. ವ್ಯತ್ಯಾಸವೆಂದರೆ ನಮ್ಮ ‘ಅಂತೆ’ ಆಡುಮಾತಿನಲ್ಲಿ ಬದುಕಿದೆ, ಸುದ್ದಿ ಬರವಣಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಅವರದು ತಿರುಗುಮುರುಗು, ಮನೆಯಲ್ಲಿ ಯಾರೂ ಅಷ್ಟಾಗಿ ಬಳಸುವುದಿಲ್ಲ, ಪತ್ರಿಕೆಯಲ್ಲಿ ಮಾತ್ರ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಇದನ್ನು ಕಲಿತ ಮೇಲೆ ನಾನು ಕನ್ನಡ ಪತ್ರಿಕೆ ಓದುವ ರೀತಿಯೂ ಬದಲಾಯಿತು. ಯಾವ ವಾಕ್ಯ ಯಾರದು ಎಂದು ಹುಡುಕುತ್ತೇನೆ.

ಲಾಂಡೆಸ್‌ಕುಂಡೆ ಎಂಬ ಇನ್ನೊಂದು ಭಾಗ ಇರುತ್ತದೆ, ನಾಡಿನ ಪರಿಚಯ ಅಂತಿಟ್ಟುಕೊಳ್ಳಿ. ಆರಂಭದ ಪುಸ್ತಕಗಳಲ್ಲಿ ಇದು ಹಬ್ಬ, ತಿಂಡಿ, ಕಸ ಬೇರ್ಪಡಿಸುವ ನಿಯಮಗಳಲ್ಲಿ ಮುಗಿಯುತ್ತದೆ. ಮಧ್ಯಮ ಹಂತದಲ್ಲಿ ಇತಿಹಾಸ ಒಳಗೆ ಬರುತ್ತದೆ. ನವೆಂಬರ್ 9 ಎಂಬ ಒಂದೇ ತಾರೀಖನ್ನು ಇಟ್ಟುಕೊಂಡು ನಮಗೆ ಪಾಠ ಮಾಡಿದರು. 1918ರ ಆ ದಿನ ಗಣರಾಜ್ಯ ಘೋಷಣೆಯಾಯಿತು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ವಿಫಲವಾಯಿತು. 1938ರ ಆ ರಾತ್ರಿ ದೇಶದುದ್ದಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿದರು, ಅಂಗಡಿಗಳನ್ನು ಒಡೆದರು. 1989ರಲ್ಲಿ ಬರ್ಲಿನ್ ಗೋಡೆ ತೆರೆಯಿತು. ಗೋಡೆ ತೆರೆದ ದಿನವೇ ರಾಷ್ಟ್ರೀಯ ಹಬ್ಬವಾಗಬಹುದಿತ್ತಲ್ಲ? 1938ರ ನೆನಪಿನ ಮೇಲೆ ಸಂಭ್ರಮ ಹೂಡುವುದು ಸಲ್ಲದೆಂಬ ಭಾವನೆ ಬಲವಾಗಿತ್ತು. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಅಕ್ಟೋಬರ್ 3 ಈಗ ಅವರ ರಜಾದಿನ.

ಅದೇ ವಾರ ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗ ನಡೆಯುತ್ತಿತ್ತು. ಶಿಕ್ಷಕಿ ಬೋರ್ಡಿನ ಮೇಲೆ ಒಂದು ಸಾಲು ಬರೆದರು: ಗಾರ್ಟೆನ್‌ಶ್ಟ್ರಾಸೆಯ ಸಿನಗಾಗ್ 1938ರಲ್ಲಿ ಸುಡಲ್ಪಟ್ಟಿತು. ಗಾರ್ಟೆನ್‌ಶ್ಟ್ರಾಸೆ ನಮ್ಮ ತರಗತಿಯಿಂದ ನಡೆದು ಹೋಗುವಷ್ಟು ದೂರ. 1882ರಲ್ಲಿ ಕಟ್ಟಿದ ಸಿನಗಾಗ್ ಅಲ್ಲಿತ್ತು. ಈಗ ಅಲ್ಲಿರುವುದು ಸ್ಮಾರಕ. ವಾಕ್ಯ ವ್ಯಾಕರಣದ ಪ್ರಕಾರ ಪೂರ್ಣವಾಗಿತ್ತು. ಅವರು ಪೆನ್ನು ಕೆಳಗಿಡದೆ ಕೇಳಿದರು, ‘ಫೋನ್ ವೇಮ್?’ ಯಾರಿಂದ? ತರಗತಿ ಸುಮ್ಮನಿತ್ತು. ಕೊನೆಗೆ ಅವರೇ ಬರೆದರು, ಊರಿನ ನಾಜಿಗಳಿಂದ. ಹೊರಗಿನಿಂದ ಯಾರೋ ಬರಲಿಲ್ಲ ಎಂದರು. ಅಂದಿನ ಅಭ್ಯಾಸದಲ್ಲಿದ್ದ ಪ್ರತಿ ವಾಕ್ಯಕ್ಕೂ ‘ಯಾರಿಂದ’ ಎಂಬುದನ್ನು ಸೇರಿಸಿ ಬರೆಯಬೇಕೆಂಬುದೇ ನಮ್ಮ ಮನೆಪಾಠ.

ಆ ರಾತ್ರಿ ಮನೆಪಾಠ ಬರೆಯುವಾಗ ಕನ್ನಡದಲ್ಲಿ ಇದನ್ನು ಹೇಗೆ ಹೇಳುತ್ತೇವೆಂದು ಯೋಚಿಸಿದೆ. ‘ಸುಡಲ್ಪಟ್ಟಿತು’, ‘ಸುಡಲಾಯಿತು’ ಎಂಬುದೆಲ್ಲ ಕಚೇರಿಯ ಕನ್ನಡ. ಮಾತಿನಲ್ಲಿ ನಾವು ‘ಸುಟ್ಟರು’ ಎನ್ನುತ್ತೇವೆ. ಯಾರೆಂದು ಹೇಳದಿದ್ದರೂ ಆ ‘ಅರು’ ಪ್ರತ್ಯಯದಲ್ಲಿ ಮನುಷ್ಯರು ನಿಂತಿರುತ್ತಾರೆ. ಬೆಂಕಿ ತಾನಾಗಿ ಹೊತ್ತಿತೆಂದು ಆ ಕ್ರಿಯಾಪದ ಹೇಳಲಾರದು.

ಆಮೇಲೆ ರಸ್ತೆಯಲ್ಲಿ ನಡೆಯುವಾಗಲೂ ವ್ಯಾಕರಣ ಎದುರಾಗತೊಡಗಿತು. ಜರ್ಮನಿಯ ಊರೂರಿನ ಪಾದಚಾರಿ ದಾರಿಗಳಲ್ಲಿ ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆ ಮುಖದ ಕಲ್ಲುಗಳಿವೆ. ಶ್ಟೋಲ್ಪರ್‌ಶ್ಟೈನೆ ಎನ್ನುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರುಮಾಡಿದ ಕೆಲಸ ಇದು. ಒಂದು ಲಕ್ಷನೇ ಕಲ್ಲನ್ನು 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ ಹಾಕಿದರು. ನಾಜಿಗಳಿಗೆ ಬಲಿಯಾದವರು ತಾವಾಗಿ ಆರಿಸಿಕೊಂಡು ಬಾಳಿದ ಕೊನೆಯ ಮನೆಯ ಬಾಗಿಲ ಮುಂದೆ ಕಲ್ಲು. ಮೇಲೆ ‘ಇಲ್ಲಿ ವಾಸವಿದ್ದರು’ ಎಂದು ಶುರು. ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ, ಕೊನೆಗೆ ಒಂದೇ ಪದ, ‘ಎರ್‌ಮೋರ್ಡೆಟ್’, ಕೊಲ್ಲಲ್ಪಟ್ಟರು. ಎ-ಒನ್ ಮುಗಿಸಿದವರಿಗೂ ಹೆಸರು, ವರ್ಷ ಓದಲು ಬರುತ್ತದೆ. ಮಧ್ಯಮ ಹಂತಕ್ಕೆ ಬಂದವರು ಮಾತ್ರ ಕರ್ತೃವಿಲ್ಲದ ಆ ಕ್ರಿಯಾಪದದ ಮುಂದೆ ನಿಂತು ‘ಫೋನ್ ವೇಮ್’ ಎಂದು ಕೇಳಿಕೊಳ್ಳುತ್ತಾರೆ. ಓದಲು ಬಾಗಬೇಕು, ತಲೆ ತಗ್ಗಿಸದೆ ಅಷ್ಟು ಚಿಕ್ಕ ಅಕ್ಷರ ಕಾಣುವುದಿಲ್ಲ.

ಸಾಹಿತ್ಯಕ್ಕೆ ಬರುತ್ತೇನೆ. ಈ ಹಂತದವರಿಗೆ ವೋಲ್ಫ್‌ಗಾಂಗ್ ಬೋರ್ಖರ್ಟ್ ಬರೆದ ‘ದಾಸ್ ಬ್ರೋಟ್’ ಎಂಬ ಪುಟ್ಟ ಕತೆಯನ್ನು ಹೆಚ್ಚಾಗಿ ಓದಿಸುತ್ತಾರೆ, ಏಕೆಂದರೆ ವಾಕ್ಯಗಳು ಚಿಕ್ಕವು, ಪದಗಳು ಸರಳ. 1946ರ ಕತೆ, ಯುದ್ಧ ಮುಗಿದ ಹಸಿವಿನ ಕಾಲ. ಮಧ್ಯರಾತ್ರಿ ಎರಡೂವರೆಗೆ ಹೆಂಡತಿಗೆ ಎಚ್ಚರವಾಗುತ್ತದೆ, ಪಕ್ಕದಲ್ಲಿ ಗಂಡನಿಲ್ಲ. ಅಡುಗೆಮನೆಯಲ್ಲಿ ಅವನು ನಿಂತಿದ್ದಾನೆ. ಮೇಜಿನ ಮೇಲೆ ರೊಟ್ಟಿಯ ತಟ್ಟೆ, ಚಾಕು, ಬಟ್ಟೆಯ ಮೇಲೆ ಚೂರುಗಳು. ಏನೋ ಸದ್ದಾಯಿತು, ಅದಕ್ಕೇ ಬಂದೆ ಎನ್ನುತ್ತಾನೆ. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದ ಮೇಲೆ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ತಿಳಿಯುತ್ತದೆ. ತಟ್ಟೆ ಕಣ್ಣಿಗೆ ಬೀಳದಿರಲೆಂದು ದೀಪ ಆರಿಸುತ್ತಾಳೆ, ಗಾಳಿಗೆ ಸೂರಿನ ದೋಣಿ ಬಡಿದ ಸದ್ದಿರಬೇಕು ಎಂದು ಅವನ ಸುಳ್ಳಿಗೆ ತಾನೇ ಆಸರೆ ಕೊಡುತ್ತಾಳೆ. ಕತ್ತಲಲ್ಲಿ ಮಲಗಿದ ಮೇಲೆ ಅವನು ಮೆಲ್ಲಗೆ ಅಗಿಯುವುದು ಕೇಳಿಸುತ್ತದೆ. ಮರುದಿನ ಸಂಜೆ ಮೂರು ತುಂಡಿನ ಬದಲು ನಾಲ್ಕು ಅವನ ಮುಂದಿಡುತ್ತಾಳೆ, ಈ ರೊಟ್ಟಿ ನನಗೆ ಅಷ್ಟಾಗಿ ಒಗ್ಗುವುದಿಲ್ಲ ಎನ್ನುತ್ತಾಳೆ.

ಚರ್ಚೆಯಲ್ಲಿ ಒಬ್ಬ ಹುಡುಗ, ಅವಳು ನೇರವಾಗಿ ಕೇಳಬೇಕಿತ್ತು, ಪ್ರಾಮಾಣಿಕತೆ ಇಲ್ಲದ ಮದುವೆ ಇದು ಎಂದ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಎಲ್ಲರಿಗೂ ಬಡಿಸಿ ಪಾತ್ರೆ ಬರಿದಾದಾಗ ‘ನನಗೆ ಹಸಿವೇ ಇಲ್ಲ, ಮಧ್ಯಾಹ್ನದ್ದೇ ಅರಗಿಲ್ಲ’ ಎನ್ನುವ ಹೆಂಗಸರನ್ನು ನೋಡದ ಕನ್ನಡದ ಮನೆ ಯಾವುದಿದೆ? ಅವಳ ಮಾತು ಸುಳ್ಳೇ, ಆದರೆ ಆ ಸುಳ್ಳು ಒಬ್ಬ ಮನುಷ್ಯನ ಮಾನ ಉಳಿಸಿತು. ಜೊತೆಗೆ ಅವಳ ಹೊಟ್ಟೆಯ ಪಾಲನ್ನೂ ತೆಗೆದುಕೊಂಡಿತು. ಈ ಎರಡನೆಯದನ್ನು ನಾವು ಮನೆಯಲ್ಲಿ ಅಷ್ಟು ಸುಲಭವಾಗಿ ಹೇಳಿಕೊಳ್ಳುವುದಿಲ್ಲ. ಇದನ್ನು ನನಗೆ ಬರುವಷ್ಟು ಜರ್ಮನ್ನಿನಲ್ಲಿ, ಕ್ರಿಯಾಪದಗಳನ್ನು ಕೊನೆಗೆ ಸಾಗಿಸುತ್ತಾ ಹೇಳಿದೆ. ಪದಗಳು ಕಡಿಮೆ ಬಿದ್ದವು. ಹೇಳಬೇಕಾದದ್ದು ಇತ್ತು, ಅದು ಮನೆಯಿಂದ ಬಂದದ್ದು. ಬೋರ್ಖರ್ಟ್ 1947ರ ನವೆಂಬರ್ 20ರಂದು ಬಾಸೆಲ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ 26 ವರ್ಷ. ಅವರ ಹೆಸರಾದ ನಾಟಕ ಹ್ಯಾಂಬರ್ಗ್‌ನಲ್ಲಿ ಮೊದಲ ಬಾರಿ ರಂಗಕ್ಕೆ ಬಂದದ್ದು ಮರುದಿನ.

ಟ್ಯೂಬಿಂಗನ್ನಿನಲ್ಲಿ ಓದುವ ಕನ್ನಡಿಗರು ಇನ್ನಿಬ್ಬರನ್ನು ನೆನೆಯದೆ ಇರಲಾರರು. ಹೆರ್ಮನ್ ಮೋಗ್ಲಿಂಗ್ ಇದೇ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿ 1836ರಲ್ಲಿ ಮಂಗಳೂರಿಗೆ ಬಂದವರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಕಲ್ಲಚ್ಚಿನಲ್ಲಿ ತಂದ ಅವರಿಗೆ 1858ರಲ್ಲಿ ಟ್ಯೂಬಿಂಗನ್ ಗೌರವ ಡಾಕ್ಟರೇಟ್ ಕೊಟ್ಟಿತು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು, ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70 ಸಾವಿರ ಪದಗಳು, ಜೊತೆಗೆ ಗಾದೆಗಳು. ಎರಡು ವರ್ಷದ ಮೇಲೆ ಅದೇ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್, 1903ರಲ್ಲಿ ಅದೇ ಊರಿನಲ್ಲಿ ಸಾವು. ಇಬ್ಬರೂ ಬಾಸೆಲ್ ಮಿಷನ್ನಿನ ಪಾದ್ರಿಗಳು, ಕನ್ನಡ ಕಲಿತದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬಂದ ಕೆಲಸಕ್ಕೆ ಬೇಕಾದಷ್ಟು ಕಲಿತು ಅವರು ನಿಲ್ಲಿಸಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸುವಷ್ಟು, ನಾಗವರ್ಮನ ಛಂದಸ್ಸಿಗೆ ಕೈಹಾಕುವಷ್ಟು ದೂರ ಕಿಟೆಲ್ ನಡೆದರು. 1853ಕ್ಕೂ 1894ಕ್ಕೂ ನಡುವಿನ ನಾಲ್ಕು ದಶಕಗಳಲ್ಲಿ ಎಷ್ಟೋ ವರ್ಷ ಅವರೂ ಮಧ್ಯಮ ಹಂತದ ವಿದ್ಯಾರ್ಥಿಯೇ ಆಗಿದ್ದಿರಬೇಕು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯ ಮುಂದೆ ಹಾದುಹೋಗುವಾಗ ನಾನು ಯೋಚಿಸುವುದು ಆ ವರ್ಷಗಳನ್ನು.

ಈಗ ಕರ್ನಾಟಕದಲ್ಲಿ ಜರ್ಮನ್ ಕಲಿಯುವವರು ಬಹಳ. ಎಂಜಿನಿಯರುಗಳಿದ್ದಾರೆ, ಈಚೆಗೆ ನರ್ಸಿಂಗ್ ಮುಗಿಸಿದ ಹುಡುಗಿಯರು ಹೆಚ್ಚು. ಅಲ್ಲಿ ಅವರ ಪದವಿಗೆ ಮನ್ನಣೆ ಸಿಗಲು ಸಾಮಾನ್ಯವಾಗಿ ಬಿ-ಟೂ ಬೇಕು. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು, ಜರ್ಮನ್ ಭಾಷೆಯ ಗೋಯೆಥೆ ಪರೀಕ್ಷೆಯ ಈ ನಾಲ್ಕು ಭಾಗಗಳಲ್ಲೂ ನೂರಕ್ಕೆ 60 ಬರಬೇಕು. ಕೆಲಸಕ್ಕಾಗಿ ಕಲಿಯುವುದನ್ನು ನಾನು ಕೀಳಾಗಿ ಕಾಣುವುದಿಲ್ಲ. ನನಗೆ ನೋವಾಗುವುದು ಕಲಿಸುವ ರೀತಿಗೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಮೊದಲು ಇಂಗ್ಲಿಷ್ ವ್ಯಾಕರಣ ಹೇಳಿ, ಅದರ ಮೇಲೆ ಜರ್ಮನ್ ವ್ಯಾಕರಣ ಕಟ್ಟುತ್ತಾರೆ. ಇಂಗ್ಲಿಷಿನಲ್ಲಿ ವಿಭಕ್ತಿಯೇ ಹೆಚ್ಚು ಉಳಿದಿಲ್ಲ, ಕ್ರಿಯಾಪದ ಕೊನೆಗೆ ಬರುವುದಿಲ್ಲ, ಉದ್ದದ ಕೃದಂತ ವಿಶೇಷಣ ಮುಂದೆ ಕೂರುವುದಿಲ್ಲ. ಅವಳಿಗೆ ಹುಟ್ಟಿನಿಂದ ಬಂದಿರುವುದನ್ನು ಮರೆಸಿ, ಇಲ್ಲದ್ದರ ಮೂಲಕ ಅದನ್ನೇ ಕಲಿಸುವ ಶ್ರಮ ಇದು. ಬಿ-ಒನ್‌ಗೆ ಬರುವ ಹೊತ್ತಿಗೆ ‘ನನ್ನ ಇಂಗ್ಲಿಷ್ ಸರಿಯಿಲ್ಲ, ಅದಕ್ಕೇ ಜರ್ಮನ್ ಬರುತ್ತಿಲ್ಲ’ ಎಂದು ನಂಬಿ ಕೈಬಿಟ್ಟವರನ್ನು ನಾನು ಬಲ್ಲೆ.

ಅದಕ್ಕೇ ಈ ವರ್ಷ ಭಾನುವಾರ ಸಂಜೆ ಕೆಲವು ನರ್ಸಿಂಗ್ ವಿದ್ಯಾರ್ಥಿನಿಯರ ಜೊತೆ ವಿಡಿಯೋದಲ್ಲಿ ಕೂತು ಕನ್ನಡದಲ್ಲೇ ಜರ್ಮನ್ ವ್ಯಾಕರಣ ಮಾಡುತ್ತಿದ್ದೇನೆ. ಎಲ್ಲರೂ ಸೇರಿ ಒಂದು ಪಟ್ಟಿ ತಯಾರಿಸುತ್ತಿದ್ದೇವೆ: ಯಾವ ಜರ್ಮನ್ ಕ್ರಿಯಾಪದಕ್ಕೆ ಯಾವ ವಿಭಕ್ತಿ, ಕನ್ನಡದಲ್ಲಿ ಅದಕ್ಕೆ ಯಾವುದು. ಹೊಂದುವಂಥವು ಒಂದು ಕಡೆ: ಸಹಾಯ ಮಾಡು, ಉತ್ತರಿಸು, ಸೇರು, ಹಾವಿಗೆ ಹೆದರು. ಹೊಂದದಂಥವು ಇನ್ನೊಂದು ಕಡೆ: ಕಾಯು, ಹೋಗು, ನಂಬು. ಹೊಂದದವುಗಳನ್ನು ಮಾತ್ರ ಬಾಯಿಪಾಠ ಮಾಡಿದರೆ ಸಾಕಾಗುತ್ತದೆ. ಎರಡನೇ ಕಡೆಯ ಪಟ್ಟಿ ಇದುವರೆಗೆ ಚಿಕ್ಕದಾಗಿಯೇ ಇದೆ. ಮುಂದಿನ ವಾರ ‘ಕೊನ್ಯುಂಕ್ಟಿಫ್-ಒಂದು’ ಶುರುಮಾಡಬೇಕು. ‘ಅಂತೆ’ ಬರುವ ಹತ್ತು ವಾಕ್ಯಗಳನ್ನು ತಮ್ಮ ಮನೆಯವರ ಮಾತಿನಿಂದ ಬರೆದುಕೊಂಡು ಬರಲು ಹೇಳಿದ್ದೇನೆ.